ನಮ್ಮನೆಯಲ್ಲಿ ಗಿರಿಜಳಿಗೆ ಸಿಕ್ಕ ನ್ಯಾಯ

ಶ್ರೀರಂಗಪಟ್ಟಣದಲ್ಲಿ ಓದುವ ಹುಚ್ಚಿನ ನಾವೊಂದಷ್ಟು ಜನ ಫೋನಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದೇವೆ. ನನ್ನಂಥ ನಿವೃತ್ತ ಟೀಚರುಗಳು, ಬ್ಯಾಂಕಿನಲ್ಲಿದ್ದವರು, ಮೆಡಿಕಲ್ ಸ್ಟೋರ್ ಇಟ್ಟುಕೊಂಡವರು, ಎಲ್ಲರೂ ಇದ್ದಾರೆ. ಓದುತ್ತಿರುವ ಕಾದಂಬರಿ ಮುಗಿಯುವ ತನಕ ತಡೆದುಕೊಳ್ಳುವ ತಾಳ್ಮೆ ಯಾರಿಗೂ ಇಲ್ಲ. ಕಾಲು ಭಾಗ ಓದುವಷ್ಟರಲ್ಲೇ ಅಭಿಪ್ರಾಯ ಬಂದು ಬೀಳುತ್ತದೆ, ಅದರ ಮೇಲೆ ಇನ್ನೊಬ್ಬರದು, ಆಮೇಲೆ ಒಂದು ಜಗಳ. ಯಾವಾಗಲಾದರೂ ಕರಿಘಟ್ಟ ಹತ್ತಿ, ಬುತ್ತಿ ಬಿಚ್ಚಿ, ಆ ಜಗಳವನ್ನೇ ಎದುರುಬದುರು ಕೂತು ಮುಂದುವರಿಸುವುದೂ ಉಂಟು. ನನಗೆ ಇದೆಲ್ಲ ಇಷ್ಟವೇ. ಆದರೆ ಮೊನ್ನೆ ಒಬ್ಬರು, ತುಂಬಾ ಸಜ್ಜನರು, ತಾವು ಓದುತ್ತಿದ್ದ ಕಾದಂಬರಿಯ ಹೆಂಗಸಿನ ಬಗ್ಗೆ ಬರೆದರು: ಈಕೆ ಇನ್ನಷ್ಟು ಸಹಿಸಿಕೊಂಡಿದ್ದರೆ ಸಂಸಾರ ಉಳಿಯುತ್ತಿತ್ತು. ಕೆಳಗೆ ಹೆಬ್ಬೆರಳುಗಳ ಸಾಲು ನಿಂತಿತು. ನಾನು ಏನೋ ಬರೆದೆ, ಅಳಿಸಿದೆ, ಮತ್ತೆ ಬರೆದೆ. ಸಿಟ್ಟಿಗೆ ಅಕ್ಷರಗಳೇ ಸರಿಯಾಗಿ ಮೂಡಲಿಲ್ಲ. ಅವರ ಮನೆಯಲ್ಲಿ ಮಗಳಿದ್ದಾಳೋ, ಸೊಸೆಯಿದ್ದಾಳೋ, ಊಟಕ್ಕೆ ಕೂತಾಗ ಅವರು ಇದೇ ಮಾತನ್ನು ಜೋರಾಗಿ ಆಡಿದರೋ, ಅದನ್ನು ಯಾರು ಕೇಳಿಸಿಕೊಂಡು ತಲೆ ತಗ್ಗಿಸಿದರೋ ಎಂಬುದೇ ನನ್ನ ಯೋಚನೆ. ಕಾದಂಬರಿಯ ಬಗ್ಗೆ ಯಾರು ಏನೇ ಅಂದರೂ ನನ್ನ ಕಿವಿಗೆ ಅದು ಹೀಗೇ ಬೀಳುತ್ತದೆ. ಇದು ದೊಡ್ಡ ಓದಿನಿಂದ ಬಂದದ್ದಲ್ಲ. ನಾನು ಹುಟ್ಟಿ ಬೆಳೆದ ಮನೆಯ ನಡುಮನೆಯಲ್ಲಿ, ಅವರೆಕಾಳು ಹಿತಕುತ್ತ ಕಲಿತದ್ದು.

ಚಿನಕುರಳಿಗೆ ಹೋಗುವ ಬಸ್ಸು ಒಂದು ಅರಳಿಮರದ ಹತ್ತಿರ ಗಕ್ಕನೆ ನಿಂತು ಹೊರಡುತ್ತದಲ್ಲ, ಅದು ನಮ್ಮೂರು. ಮನೆ ನಾಡಹೆಂಚಿನದು. ಮುಂದೆ ಜಗಲಿ, ಒಳಗೆ ನಡುಮನೆ, ಅದರ ಒಂದು ಪಕ್ಕಕ್ಕೆ ದನ ಕಟ್ಟುವ ಕೊಟ್ಟಿಗೆ, ಹಿಂದೆ ಅಡುಗೆಮನೆ ಮತ್ತು ಹಿತ್ತಲು. ಕಲ್ಲುಕೋರೆಯಲ್ಲಿ ಮದ್ದು ಸಿಡಿದರೆ ಹೆಂಚು ಅದುರಿ ನಡುಮನೆಗೆ ಧೂಳು ಉದುರುತ್ತಿತ್ತು. ಅಜ್ಜಿ ಕೋರೆಯವರ ವಂಶವನ್ನೆಲ್ಲ ಬೈಯುತ್ತ ಕಾಳಿನ ಪಾತ್ರೆಗೆ ಸೆರಗು ಮುಚ್ಚುತ್ತಿದ್ದಳು. ಮನೆಯಲ್ಲಿ ತಾತ, ಅಜ್ಜಿ, ಅಪ್ಪ, ಅವ್ವ, ನಾನು. ತಾತನಿಗೆ ಸಹಿ ಹಾಕುವುದು ಬಿಟ್ಟು ಬೇರೆ ಅಕ್ಷರ ಬಾರದು, ಆದರೆ ಸುತ್ತಲ ಹಳ್ಳಿಗಳಲ್ಲಿ ಅವನು ನ್ಯಾಯ ಹೇಳುವವ. ಬದುವಿನ ತಕರಾರು, ಅಣ್ಣತಮ್ಮಂದಿರ ಪಾಲು, ಗಂಡಹೆಂಡಿರ ಮುನಿಸು, ಎಲ್ಲಕ್ಕೂ ನಮ್ಮ ಜಗಲಿಗೇ ಬರುತ್ತಿದ್ದರು. ಒಮ್ಮೆ ಹೇಳಿದ ನ್ಯಾಯವನ್ನು ಅವನು ತಿರುಗಿಸುವುದಿಲ್ಲ ಎಂಬುದು ಅವನ ಹೆಚ್ಚುಗಾರಿಕೆ. ಆ ಮಾತನ್ನು ಅವನೇ ಆಗಾಗ ನೆನಪಿಸುತ್ತಲೂ ಇದ್ದ.

ಗುರುವಾರ ಗುರುವಾರ ಅಪ್ಪ ಡೈರಿಗೆ ಹಾಲು ಹಾಕಿ, ಸೈಕಲ್ಲಿನಲ್ಲಿ ಪಾಂಡವಪುರಕ್ಕೆ ಹೋಗಿ ಬರುವಾಗ ವಾರಪತ್ರಿಕೆ ತರುತ್ತಿದ್ದ. ಅವನಿಗೆ ಬೇಕಾದದ್ದು ಸಿನಿಮಾದ ಪುಟ. ಅದನ್ನು ನೋಡಿ ಮುಗಿಸಿದ ಮೇಲೆ ಪತ್ರಿಕೆ ಅವ್ವನ ಪಾಲು, ಅದರೊಳಗಿನ ಧಾರಾವಾಹಿ ಕಾದಂಬರಿ ಇಡೀ ಮನೆಯ ಪಾಲು. ಮಧ್ಯಾಹ್ನ ಊಟದ ಪಾತ್ರೆ ತೊಳೆದಾದ ಮೇಲೆ, ದನ ಮನೆಗೆ ಬರುವ ಮುಂಚೆ, ಅವ್ವ ನಡುಮನೆಯ ಕಂಬಕ್ಕೆ ಒರಗಿ ಓದುತ್ತಿದ್ದಳು. ಸೊಗಡವರೆಯ ಕಾಲ. ನೆನೆಸಿದ ಕಾಳನ್ನು ಮುಂದಿಟ್ಟುಕೊಂಡು ಅಜ್ಜಿ ಮತ್ತು ನಾನು ಹಿತಕುತ್ತಿದ್ದೆವು. ಎರಡು ಬೆರಳಲ್ಲಿ ಹಿಡಿದು ಒತ್ತಿದರೆ ಬೇಳೆ ಪುಟಕ್ಕನೆ ಸಿಪ್ಪೆಯಿಂದ ಹಾರಿ ಪಾತ್ರೆಗೆ ಬೀಳಬೇಕು. ನನ್ನದು ಅರ್ಧ ನೆಲಕ್ಕೇ ಬೀಳುತ್ತಿತ್ತು. ತಾತ ಬಾಗಿಲಾಚೆ ಜಗಲಿಯ ಮೇಲೆ ಮಲಗಿ, ಇದೆಲ್ಲ ಹೆಂಗಸರ ಗೋಜು ಎನ್ನುವ ಹಾಗೆ ಕಣ್ಣು ಮುಚ್ಚಿರುತ್ತಿದ್ದ. ಅವ್ವ ಒಂದು ಸಾಲು ಬಿಟ್ಟರೆ ಸಾಕು, ಅಲ್ಲಿಂದಲೇ ಕೇಳುತ್ತಿದ್ದ.

"ಅಲ್ಲಿಗೇ ಯಾಕ್ ನಿಲ್ಲುಸ್ದೆ? ಆ ಮುದುಕ ಬಾಗ್ಲ್ ತಗುದ್ನೋ ಇಲ್ವೋ?"

ಆ ಕಾದಂಬರಿಗೆ ಏನೋ ಚೆಂದದ ಹೆಸರಿತ್ತು, ನನಗೀಗ ಮರೆತಿದೆ. ನಮ್ಮನೆಯಲ್ಲಿ ಅದು 'ಗಿರಿಜನ ಕತೆ'. ಗಿರಿಜ ಎಂಬ ಹೆಂಗಸು ಬ್ಯಾಂಕಿನ ಗುಮಾಸ್ತನನ್ನು ಮದುವೆಯಾಗಿ, ಅವನ ಚುಚ್ಚುಮಾತು ಮತ್ತು ಅನುಮಾನ ತಾಳಲಾರದೆ ಮನೆ ಬಿಟ್ಟು ಬೇರೆ ಊರಿನಲ್ಲಿ ಒಂದು ಕೋಣೆ ಹಿಡಿದು ಹೊಲಿಗೆ ಕಲಿಯುತ್ತಿದ್ದಳು. ಅವಳು ತಿರುಗಿ ಹೋಗಬೇಕೋ ಬೇಡವೋ ಎಂಬುದು ವಾರದಿಂದ ವಾರಕ್ಕೆ ಎಳೆಯುತ್ತಿತ್ತು. ಕತೆ ಮುಂದೆ ಹೇಗೆ ಎಂದು ಯಾರಿಗೂ ಗೊತ್ತಿಲ್ಲದ್ದರಿಂದ ಅಭಿಪ್ರಾಯಕ್ಕೆ ಬರವಿರಲಿಲ್ಲ. ಅಜ್ಜಿ ಮೊದಮೊದಲು ಗಿರಿಜಳನ್ನು ಬಾಯಿಗೆ ಬಂದ ಹಾಗೆ ಬೈದಳು. ಗಂಡನ ಮನೆಯಲ್ಲಿ ಉಣ್ಣಕ್ಕಿದೆ ಉಡಕ್ಕಿದೆ, ಮಾತಿಗೆಲ್ಲ ಮನೆ ಬಿಟ್ಟರೆ ಊರಲ್ಲಿ ಒಬ್ಬಳೂ ಉಳಿಯುವುದಿಲ್ಲ ಎನ್ನುವುದು ಅವಳ ವಾದ. ತಾತ ಇನ್ನೂ ವಿಚಾರಣೆ ನಡೆಯುತ್ತಿದೆ ಎಂಬ ಗತ್ತಿನಲ್ಲಿ, ಎರಡೂ ಕಡೆಯವರ ಮಾತು ಕೇಳಬೇಕು ಎನ್ನುತ್ತಿದ್ದ. ಅವ್ವ ಮಾತ್ರ ಏನೂ ಅನ್ನುತ್ತಿರಲಿಲ್ಲ. ಓದುವುದಕ್ಕೆ ಸೊಸೆಗೆ ಬಾಯಿ ಕೊಟ್ಟಿದ್ದರು, ಅಭಿಪ್ರಾಯಕ್ಕೆ ಕೊಟ್ಟಿರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಪದ್ಮತ್ತೆ ಬಸ್ಸಿನಿಂದ ಇಳಿದಳು. ಅವಳು ಅಪ್ಪನ ತಂಗಿ, ನಾಗಮಂಗಲದ ಕಡೆ ಕೊಟ್ಟಿದ್ದರು. ಗಂಡನಿಗೆ ಬೆಳ್ಳೂರು ಕ್ರಾಸಿನಲ್ಲಿ ಹೋಟೆಲಿತ್ತು. ಹಾಸನದ ಕಡೆ ಹೋಗುವ ಬಸ್ಸುಗಳು ನಿಲ್ಲುವ ಜಾಗ, ಒಳ್ಳೆ ವ್ಯಾಪಾರ, ತನ್ನ ಮಗಳು ಗಲ್ಲಾದ ಮೇಲೆ ಕೂತಿರುತ್ತಾಳೆ ಎಂದು ಅಜ್ಜಿ ಊರಿಗೆಲ್ಲ ಹೇಳಿಕೊಂಡಿದ್ದಳು. ಹಬ್ಬವಲ್ಲ, ಹುಣ್ಣಿಮೆಯಲ್ಲ, ಪದ್ಮತ್ತೆ ಕೈಯಲ್ಲೊಂದು ಟ್ರಂಕು ಹಿಡಿದು ಬಂದಳು. ಮೊಣಕೈ ದಾಟಿ ಮುಂಗೈವರೆಗೂ ಬರುವ ತೋಳಿನ ರವಿಕೆ ಹಾಕಿದ್ದಳು. ಹೊಸ ಫ್ಯಾಶನ್ನು ಅಂದುಕೊಂಡು ನಾನು ಅದನ್ನೇ ನೋಡಿದೆ. ಬಂದ ದಿನವೇ ಅವಳು ಅಡುಗೆಮನೆಯಲ್ಲಿ ಅಜ್ಜಿಗೆ ಹೇಳಿದಳು. ರಾಗಿ ಹಿಟ್ಟಿನ ಡಬ್ಬದ ಪಕ್ಕ ಕೂತು ಮಜ್ಜಿಗೆ ಕುಡಿಯುತ್ತಿದ್ದ ನನ್ನನ್ನು ಇಬ್ಬರೂ ಲೆಕ್ಕಕ್ಕಿಟ್ಟುಕೊಳ್ಳಲಿಲ್ಲ.

"ಅವ್ವ, ನಾನ್ ಇನ್ ಅಲ್ಲಿಗ್ ಓಗಲ್ಲ. ಒಡೀತನೆ."

"ಯಾವನ್ ಒಡೆಯಲ್ಲ? ನಿಮ್ಮಪ್ಪ ನಂಗ್ ಒಡ್ದಿಲ್ವಾ? ನಾನ್ ಟ್ರಂಕ್ ಎತ್ಕಂಡ್ ಓಗ್ಬುಟ್ನಾ?"

"ಅಂಗಲ್ಲ ಕಣವ್ವ..."

"ಎಂಗೂ ಇಲ್ಲ. ನಾಕ್ ದಿನ ಇದ್ದು, ಉಂಡ್ಕಂಡು, ತಣ್ಣಗಾಗಿ ಓಗು. ಕಂಡೋರ್ ಮುಂದೆ ಬಾಯ್ ಬುಡ್ಬ್ಯಾಡ."

ಅಷ್ಟೇ. ಪದ್ಮತ್ತೆ ಎದ್ದು ಹಿತ್ತಲಿಗೆ ಹೋಗಿ ಬಿಂದಿಗೆ ತೊಳೆಯತೊಡಗಿದಳು. ಆ ಮೇಲೆ ಮನೆಯಲ್ಲಿ ಯಾರೂ ಆ ವಿಷಯ ಎತ್ತಲಿಲ್ಲ. ಅಪ್ಪ ಕಬ್ಬು ಕಡಿಸುವ ಗಡಿಬಿಡಿಯಲ್ಲಿದ್ದ, ತಾತ ಮಗಳನ್ನು ಕಂಡರೆ ಕೆಮ್ಮಿ ಆಚೆ ನೋಡುತ್ತಿದ್ದ. ಊಟಕ್ಕೆ ಕೂತಾಗ ಮುದ್ದೆ ಮುರಿಯುವ ಸದ್ದೊಂದೇ. ಮಾತಾಡಬೇಕಾದ ಒಂದೇ ಸಂಗತಿಯನ್ನು ಬಿಟ್ಟು ಉಳಿದದ್ದನ್ನೆಲ್ಲ ಮಾತಾಡುವ ಮನೆ ಹೇಗಿರುತ್ತದೆ ಎಂದು ನಾನು ಆಗಲೇ ನೋಡಿದೆ. ಗುರುವಾರ ಬಂದರೆ ಮಾತ್ರ ಬೀಗ ತೆಗೆದ ಹಾಗಾಗುತ್ತಿತ್ತು. ಅಜ್ಜಿ ಗಿರಿಜಳ ಮೇಲೆ ಹರಿಹಾಯುತ್ತಿದ್ದಳು, ಓರೆಗಣ್ಣಿನಿಂದ ಮಗಳನ್ನು ನೋಡುತ್ತಿದ್ದಳು. ಗಂಡ ಬಿಟ್ಟ ಹೆಂಗಸಿಗೆ ಊರವರು ಕೋಣೆ ಬಾಡಿಗೆಗೆ ಕೊಡುತ್ತಾರಾ, ಇದೆಲ್ಲ ಬರೆಯುವವನ ಹುಚ್ಚು ಎನ್ನುತ್ತಿದ್ದಳು. ಪದ್ಮತ್ತೆ ಕಾಳು ಹಿತಕುತ್ತ ಕೂತಿರುತ್ತಿದ್ದಳು. ಅವಳು ಹಿತಕಿದರೆ ಒಂದು ಬೇಳೆಯೂ ನೆಲಕ್ಕೆ ಬೀಳುತ್ತಿರಲಿಲ್ಲ.

ಒಂದು ಗುರುವಾರ ಅವ್ವನಿಗೆ ಗಂಟಲು ಕಟ್ಟಿತ್ತು. ಬೆಳಿಗ್ಗೆಯೇ ಅವಳೊಬ್ಬಳೇ ಕೂತು ಕಂತನ್ನು ಓದಿಕೊಂಡಿದ್ದಳು, ಆದರೆ ಮಧ್ಯಾಹ್ನ ಗಟ್ಟಿಯಾಗಿ ಓದಲು ಸ್ವರವೇ ಹೊರಡಲಿಲ್ಲ. ಪದ್ಮತ್ತೆ ಕೈ ಒರೆಸಿಕೊಂಡು ಪತ್ರಿಕೆಗೆ ಕೈ ಚಾಚಿದಳು.

"ಕೊಡತ್ಗೆ, ನಾನ್ ಓದ್ತೀನಿ."

ಅವಳು ಚೆನ್ನಾಗಿ ಓದುತ್ತಿದ್ದಳು. ಅವ್ವನ ಹಾಗೆ ಸಾಲಿನ ಕೊನೆಗೆ ರಾಗ ಎಳೆಯುತ್ತಿರಲಿಲ್ಲ. ನಾನು ಅವಳ ಪಕ್ಕಕ್ಕೆ ಒತ್ತಿಕೊಂಡು, ಚಿತ್ರ ನೋಡುವ ನೆಪದಲ್ಲಿ ಅವಳ ಬೆರಳಿನ ಜೊತೆ ಜೊತೆಗೇ ಸಾಲುಗಳನ್ನು ಓದಿಕೊಳ್ಳುತ್ತಿದ್ದೆ. ಗಿರಿಜ ಹೊಲಿಗೆ ಅಂಗಡಿಯಲ್ಲಿ ಗುಂಡಿ ಹಾಕುತ್ತಿದ್ದಾಳೆ, ಮನೆಯೊಡತಿ ಬಂದು, ಯಾಕಮ್ಮ ಗಂಡನ ಮನೆ ಬಿಟ್ಟೆ ಎಂದು ಕೇಳುತ್ತಾಳೆ. ಗಿರಿಜ ಉತ್ತರ ಕೊಡದೆ ಕಿಟಕಿಯಾಚೆ ನೋಡುತ್ತಾಳೆ. ಪುಟದಲ್ಲಿದ್ದದ್ದು ಅಷ್ಟು. ಅಲ್ಲಿ ಪದ್ಮತ್ತೆಯ ಬೆರಳು ನಿಂತಿತು, ಓದು ನಿಲ್ಲಲಿಲ್ಲ. ಅವಳ ಕಣ್ಣು ಪುಟದ ಮೇಲೇ ಇತ್ತು, ಸ್ವರವೂ ಹಾಗೇ ಸಮನಾಗಿತ್ತು, ಪುಸ್ತಕದ ಕನ್ನಡದಲ್ಲೇ ಅವಳು ಮುಂದುವರಿದಳು. ಗಿರಿಜ ಹೇಳಿದಳಂತೆ, ಅಮ್ಮಾ, ನಾನು ಮೊದಲ ಬಸ್ಸು ಬರುವ ಮುಂಚೆ ಏಳಬೇಕು. ಹಿಟ್ಟು ರುಬ್ಬಬೇಕು, ಇಬ್ಬರು ಹೊರುವಷ್ಟು ದೊಡ್ಡ ಕಾವಲಿಯ ಮುಂದೆ ನಿಲ್ಲಬೇಕು. ಒಂದು ದಿನ ಜ್ವರ ಬಂದು ಏಳಲಿಲ್ಲ. ಅವರು ದೋಸೆ ಮಗುಚುವ ಕಬ್ಬಿಣದ ಕೈಯನ್ನು ಒಲೆಯಲ್ಲಿ ಕಾಯಿಸಿಕೊಂಡು ಬಂದು ನನ್ನ ತೋಳಿನ ಮೇಲೆ ಇಟ್ಟರು. ಕೂಗಿದರೆ ಗಿರಾಕಿಗಳಿಗೆ ಕೇಳುತ್ತದೆ ಎಂದು ಬಾಯಿಗೆ ಬಟ್ಟೆ ತುರುಕಿದ್ದರು. ಎದ್ದು ಹೋಗಿ ದೋಸೆ ಹುಯ್ಯಿ ಎಂದರು. ನಾನು ಹೋಗಿ ಹುಯ್ದೆ.

ನಾನು ತಲೆಯೆತ್ತಿ ಅವ್ವನನ್ನು ನೋಡಿದೆ. ಇದಿಲ್ಲಿ ಇಲ್ಲವಲ್ಲ ಎಂದು ಬಾಯಿ ತೆರೆಯುವಷ್ಟರಲ್ಲಿ ಅವ್ವ ನನ್ನ ತೊಡೆ ಚಿವುಟಿದಳು. ಕಣ್ಣಲ್ಲಿ ನೀರು ಬರುವಷ್ಟು ಜೋರಾಗಿಯೇ ಚಿವುಟಿದಳು. ಪದ್ಮತ್ತೆ ಪತ್ರಿಕೆ ಮಡಚಿ, "ಮುಂದಿನ ವಾರಕ್ಕೆ" ಅಂದಳು. ಮೊದಲು ಮಾತಾಡಿದ್ದು ಅಜ್ಜಿ.

"ಅಯ್ಯೋ, ಅವ್ನ್ ಕೈ ಸೇದೋಗ! ಸೂಳೆಮಗ, ಬರೆ ಆಕೋದಾ? ಎತ್ತುಗೂ ಅಂಗ್ ಆಕಲ್ಲ."

ಕಣ್ಣು ಒರೆಸಿಕೊಂಡು, ಮೂಗು ಸೀನಿಕೊಂಡು, ಮತ್ತೆ ಕಾಳಿಗೆ ಕೈ ಹಾಕಿದ ಮೇಲೆ ಅವಳಿಗೆ ಒಂದು ಅನುಮಾನ ಬಂತು.

"ಅಲ್ಲ ಕಣಮ್ಮಿ, ಬ್ಯಾಂಕ್ ಗುಮಾಸ್ತನ್ ಮನೇಲಿ ಅಷ್ಟ್ ದೊಡ್ಡ ಕಾವ್ಲಿ ಯಾಕೆ? ಇದ್ನ ಬರಿಯೋನ್ಗೆ ಒಸಿನಾರೆ ಬುದ್ಧಿ ಬ್ಯಾಡ್ವಾ?"

ತಾತ ಜಗಲಿಯಿಂದ ಎದ್ದು ಬಾಗಿಲಿಗೆ ಬಂದು ನಿಂತಿದ್ದ. ಟವೆಲ್ಲನ್ನು ಹೆಗಲಿಗೆ ಸರಿಯಾಗಿ ಹಾಕಿಕೊಂಡ. ನ್ಯಾಯ ಹೇಳುವ ಮುಂಚೆ ಅವನು ಯಾವಾಗಲೂ ಹಾಗೆ ಮಾಡುತ್ತಿದ್ದ.

"ಕಾವ್ಲಿ ಮಾತ್ ಬುಡು. ಎಂಡ್ರಿಗ್ ಬರೆ ಆಕ್ದೋನು ಗಂಡ ಅಲ್ಲ. ಆ ಎಣ್ಮಗ ತಿರುಗ್ ಓಗ್ಕೂಡ್ದು. ಅಪ್ಪಅವ್ವ ಅನ್ನಿಸ್ಕಂಡೋರು ಇದ್ರೆ ಮನೇಲಿಟ್ಕಂಡು ಅನ್ನ ಆಕ್ಬೇಕು. ಇಷ್ಟೇ ನ್ಯಾಯ."

ಪದ್ಮತ್ತೆ ಅವನ ಮುಖವನ್ನೇ ನೋಡಿದಳು. ಬಂದಾಗಿನಿಂದ ಅವಳ ಮುಖ ಅಷ್ಟು ಬೆಳಗಿದ್ದನ್ನು ನಾನು ನೋಡಿರಲಿಲ್ಲ. ಆ ಸಂಜೆ ಹಿತ್ತಲಿನಲ್ಲಿ ಅವ್ವ ಹಸುವಿಗೆ ಕಲಗಚ್ಚು ಇಡುವಾಗ ನಾನು ಅವಳ ಸೆರಗು ಹಿಡಿದು ಕೇಳಿದೆ, ಅದು ಪುಸ್ತಕದಲ್ಲಿ ಇಲ್ಲವಲ್ಲ ಎಂದು. ಅವ್ವನ ಕಟ್ಟಿದ ಗಂಟಲಿನಿಂದ ಪಿಸುಮಾತಷ್ಟೇ ಹೊರಟಿತು.

"ನಂಗೊತ್ತಿಲ್ವಾ? ಸುಮ್ಕಿರು. ಬಾಯ್ ಬುಟ್ ಯೋಳುದ್ರೆ ಯಾರೂ ಕೇಳ್ನಿಲ್ಲ, ಇಂಗಾರೂ ಕೇಳುದ್ರು. ನಿಮ್ ತಾತ ನ್ಯಾಯ ಯೋಳಾಯ್ತು. ಇನ್ ತಿರುಗ್ಸಾಂಗಿಲ್ಲ."

ಪದ್ಮತ್ತೆಯೂ ಹಾಗೇ ಲೆಕ್ಕ ಹಾಕಿದ್ದಳು ಎಂದು ಈಗ ಅನ್ನಿಸುತ್ತದೆ. ತನ್ನ ಹೆಸರಿನಲ್ಲಿ ಕೇಳಿದರೆ ಸಿಗದ ನ್ಯಾಯವನ್ನು ಇನ್ನೊಬ್ಬಳ ಹೆಸರಿನಲ್ಲಿ ಗಿಟ್ಟಿಸಿಕೊಳ್ಳುವುದು, ಆಮೇಲೆ ಅದನ್ನು ತನ್ನದು ಎಂದು ತೋರಿಸುವುದು. ನಮ್ಮೂರ ಯಾವ ಹೆಂಗಸೂ ಅಷ್ಟು ಧೈರ್ಯ ಮಾಡಿರಲಿಕ್ಕಿಲ್ಲ. ಅವಳು ಒಂದನ್ನು ಮಾತ್ರ ಎಣಿಸಿರಲಿಲ್ಲ. ನಮ್ಮ ಜನ ಕತೆಯಲ್ಲಿ ಎಷ್ಟು ದೊಡ್ಡ ಮನುಷ್ಯರಾಗಿರುತ್ತಾರೋ ಕತೆ ಮುಗಿದ ಕೂಡಲೇ ಅಷ್ಟೇ ಸುಲಭವಾಗಿ ಚಿಕ್ಕವರಾಗಿಬಿಡಬಲ್ಲರು.

ಒಂದೆರಡು ದಿನ ಕಳೆಯುವುದರೊಳಗೆ ಅವಳ ಗಂಡ ಬಂದ. ಜೊತೆಗೆ ಅವನ ದೊಡ್ಡಪ್ಪ, ಕೈಯಲ್ಲಿ ಬಾಳೆಗೊನೆಯ ಚಿಪ್ಪು, ಎಲೆಯಲ್ಲಿ ಸುತ್ತಿದ ಮಲ್ಲಿಗೆ. ಗಂಡ ಬಹಳ ಮೆತ್ತಗಿನ ಮಾತಿನ ಮನುಷ್ಯ. ನನ್ನ ಕೆನ್ನೆ ಸವರಿ ಬಿಸ್ಕತ್ತಿನ ಪೊಟ್ಟಣ ಕೊಟ್ಟ. ಜಗಲಿಯ ಮೇಲೆ ಚಾಪೆ ಹಾಸಿದರು, ಕಾಫಿ ಬಂತು. ಮಾತು ಶುರುವಾಯಿತು. ಮಳೆ, ಕಬ್ಬು, ಕೆ.ಆರ್.ಪೇಟೆ ಕಡೆಯ ಯಾವುದೋ ಮದುವೆ, ಎಲ್ಲ ಮುಗಿದ ಮೇಲೆ ದೊಡ್ಡಪ್ಪ, ಹುಡುಗಿಯನ್ನು ಕಳಿಸಿಕೊಡಬೇಕು ಎಂದ. ತಾತ ನಗುತ್ತಲೇ ಉತ್ತರ ಕೊಟ್ಟ.

"ಎಣ್ಮಕ್ಳು ಅಂದ್ಮೇಲೆ ಮುನುಸ್ಕಂಡ್ ಬತ್ತವೆ. ಕಳುಸ್ತೀವಿ ಬುಡಿ, ಅದ್ಕೇನಂತೆ."

ಪದ್ಮತ್ತೆ ಬಾಗಿಲ ಹಿಂದೆ ನಿಂತಿದ್ದಳು. ಅವಳ ಹಿಂದೆ ಅವ್ವ, ಅವ್ವನ ಹಿಂದೆ ನಾನು. ಅಷ್ಟು ಗಂಡಸರ ಮುಂದೆ ರವಿಕೆಯ ತೋಳು ಸರಿಸಿ ತೋರಿಸಲು ಅವಳಿಂದ ಆಗಲಿಲ್ಲ. ಎಂಥ ಪಾಪಿಗೂ ಆ ಅವಸ್ಥೆ ಬರಬಾರದು. ಅವಳು ಹೊಸಿಲು ದಾಟದೆ, ಬಾಗಿಲವಾಡ ಹಿಡಿದುಕೊಂಡು ಕೇಳಿದಳು.

"ಅಪ್ಪ, ಮೊನ್ನೆ ಗಿರಿಜಂಗೆ ನೀನ್ ಏನ್ ನ್ಯಾಯ ಯೋಳ್ದೆ?"

ಜಗಲಿಯ ಮೇಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಿರಿಜ ಯಾರು ಎಂದು ಗಂಡ ಕೇಳಿದ. ತಾತ ಕೈಯಾಡಿಸಿಬಿಟ್ಟ.

"ಅದ್ಯಾವ್ದೋ ಪೇಪರ್‌ನಾಗ್ ಬರೋ ಕತೆ ಕಣಪ್ಪ. ಪದ್ಮ, ಕತೆಗೂ ಸಂಸಾರುಕ್ಕೂ ಗಂಟ್ ಆಕ್ಬ್ಯಾಡ ಕಣವ್ವ. ಕತೇಲಿ ನಾವ್ ಏನ್ ಬೇಕಾರೂ ಅನ್ಬೋದು."

ಗಂಡ ನಕ್ಕ. ಪುಸ್ತಕ ಓದಿ ಓದಿಯೇ ಇವಳ ತಲೆ ಹೀಗಾಗಿರುವುದು, ಇನ್ನು ಮೇಲೆ ಪೇಪರು ಮುಟ್ಟಿಸುವುದಿಲ್ಲ ಎಂದ. ಎಲ್ಲರೂ ನಕ್ಕರು, ಅಪ್ಪನೂ ನಕ್ಕ. ನಾನು ಅವ್ವನ ಮುಖ ನೋಡಿದೆ. ಈಗಲಾದರೂ ನಿಜ ಹೇಳುತ್ತಾಳೆ ಎಂದುಕೊಂಡೆ. ಅವ್ವ ತುಟಿ ಕಚ್ಚಿಕೊಂಡು ಅಡುಗೆಮನೆಗೆ ಹೋಗಿ, ಖಾಲಿ ಒಲೆಯ ಮುಂದೆ ನಿಂತಳು. ಆ ಸಿಟ್ಟು ನನ್ನೊಳಗೆ ಎಷ್ಟೋ ವರ್ಷ ಉಳಿಯಿತು. ಸೊಸೆಯಾಗಿ ಒಂದು ಮನೆಗೆ ಹೋದ ಮೇಲೆ ಸ್ವಲ್ಪ ಇಳಿಯಿತು, ಪೂರ್ತಿ ಇಳಿದಿಲ್ಲ. ಪದ್ಮತ್ತೆ ಮಧ್ಯಾಹ್ನದ ಬಸ್ಸಿಗೆ ಹೊರಟಳು. ಟ್ರಂಕನ್ನು ತಾತನೇ ಹೊತ್ತು ಬಸ್ಸಿನ ಮೇಲೆ ಹಾಕಿಸಿದ. ಅಜ್ಜಿ ಮಡಿಲು ತುಂಬಿ, ಹಿತಕಿದ ಬೇಳೆಯನ್ನು ಬಟ್ಟೆಯಲ್ಲಿ ಕಟ್ಟಿಕೊಟ್ಟಳು. ಪದ್ಮತ್ತೆ ಅಳಲಿಲ್ಲ, ಯಾರನ್ನೂ ತಿರುಗಿ ನೋಡಲೂ ಇಲ್ಲ.

ಗುರುವಾರ ಬಂತು. ಅಪ್ಪ ಪತ್ರಿಕೆ ತಂದ. ಅವ್ವನ ಗಂಟಲು ಸರಿಯಾಗಿತ್ತು, ಕಂಬಕ್ಕೆ ಒರಗಿ ಓದಿದಳು. ಗಿರಿಜಳಿಗೆ ಅಂಗಡಿಯವನು ಸಂಬಳ ಹೆಚ್ಚಿಸಿದ, ಗಿರಿಜ ಹೊಸ ಸೀರೆ ಕೊಂಡಳು, ಗಿರಿಜಳ ಗಂಡ ಕಾಗದ ಬರೆದ. ಅಜ್ಜಿಗೆ ಏನೋ ಸಮಾಧಾನವಿಲ್ಲ. ಕಾಳು ಹಿತಕುತ್ತಲೇ ನಡುವೆ ಬಾಯಿ ಹಾಕಿದಳು.

"ಸೀರೆ ಅಂತೆ ಸೀರೆ. ತೋಳ್ ಏನಾಯ್ತು, ಅದ್ ಓದು. ವಾಸಿ ಆಯ್ತಾ? ಅದ್ಕೆ ಏನಾರಾ ಅಚ್ಕಂಡ್ಲಾ?"

ಅವ್ವ ಓದು ನಿಲ್ಲಿಸಿದಳು. ಪತ್ರಿಕೆಯನ್ನು ತೊಡೆಯ ಮೇಲಿಟ್ಟಳು. ಅವಳು ನಮ್ಮನೆಗೆ ಸೊಸೆಯಾಗಿ ಬಂದ ಮೇಲೆ ಅಜ್ಜಿಯ ಕಣ್ಣನ್ನು ನೇರವಾಗಿ ನೋಡಿ ಮಾತಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಅತ್ತೆಮ್ಮ, ಗಿರಿಜನ್ ತೋಳ್ಗೆ ಯಾರೂ ಬರೆ ಆಕಿಲ್ಲ."

"ಓದ್ಲಲ್ಲೇ ಪದ್ಮ? ನನ್ ಕಿವೀಲಿ ನಾನೇ ಕೇಳಿವ್ನಿ."

"ಅವ್ಳ್ ಯೋಳುದ್ಲು. ಪೇಪರ್‌ನಾಗೆ ಇಲ್ಲ. ಗಿರಿಜನ್ ಮನೇಲಿ ಕಾವ್ಲೀನೂ ಇಲ್ಲ, ಏನೂ ಇಲ್ಲ."

ಅಜ್ಜಿಯ ಬೆರಳ ನಡುವೆ ಒಂದು ಕಾಳು ಇತ್ತು. ಅದನ್ನು ಅವಳು ಒತ್ತಲೂ ಇಲ್ಲ, ಬಿಡಲೂ ಇಲ್ಲ. ಬರೆಯುವವನಿಗೆ ಬುದ್ಧಿಯಿಲ್ಲ ಎಂದದ್ದು, ಗಲ್ಲಾದ ಮೇಲೆ ಕೂರುವ ಮಗಳ ಬಗ್ಗೆ ಊರಿಗೆಲ್ಲ ಹೇಳಿಕೊಂಡದ್ದು, ಉದ್ದ ತೋಳಿನ ರವಿಕೆ, ಎಲ್ಲ ಅವಳಿಗೆ ಒಂದೊಂದಾಗಿ ತಿಳಿಯುತ್ತಾ ಬಂದದ್ದನ್ನು ನಾನು ಅವಳ ಮುಖದಲ್ಲೇ ನೋಡಿದೆ. ತಾತ ಜಗಲಿಯಲ್ಲಿ ಕೆಮ್ಮಿದ. ಅಜ್ಜಿ ಅತ್ತ ತಿರುಗಿ ಒಂದೇ ಮಾತು ಕೇಳಿದಳು.

"ಕೇಳುಸ್ತಾ?"

ಆ ರಾತ್ರಿ ಅಜ್ಜಿ ಉಣ್ಣಲಿಲ್ಲ. ಬೆಳಿಗ್ಗೆ ಎದ್ದವಳೇ ನನ್ನ ಜಡೆ ಹಾಕಿ, ಬಸ್ಸಿನ ಬೋರ್ಡು ಓದಲು ಬೇಕು ಎಂದು ಕರೆದುಕೊಂಡು ಹೊರಟಳು. ನೀನ್ಯಾಕೆ, ನಾನು ಹೋಗುತ್ತೇನೆ ಎಂದು ಅಪ್ಪ ಅಂದ. ನಿಮ್ಮ ಗಂಡಸರ ನ್ಯಾಯ ಸಾಕು ಎಂದು ಅವನ ಬಾಯಿ ಮುಚ್ಚಿಸಿದಳು. ಪಾಂಡವಪುರಕ್ಕೆ ಬಂದು, ಅಲ್ಲಿಂದ ನಾಗಮಂಗಲ, ಅಲ್ಲಿಂದ ಬೆಳ್ಳೂರು ಕ್ರಾಸು. ದಾರಿಯುದ್ದಕ್ಕೂ ಅಜ್ಜಿ ಕಿಟಕಿಯಾಚೆ ನೋಡುತ್ತಿದ್ದಳು, ನಾನು ಏನು ಕೇಳಿದರೂ ಹೂಂ ಅನ್ನುತ್ತಿದ್ದಳು. ಹೋಟೆಲಿನ ಮುಂದೆ ಲಾರಿಗಳು ನಿಂತಿದ್ದವು. ಗಲ್ಲಾದ ಮೇಲೆ ಗಂಡನೇ ಕೂತಿದ್ದ. ಅವನು ಎದ್ದು ನಿಂತು, ಅತ್ತೆಮ್ಮ ಬನ್ನಿ ಬನ್ನಿ, ಒಂದು ಕಾಗದ ಹಾಕಿದ್ದರೆ ನಾನೇ ಬರುತ್ತಿದ್ದೆನಲ್ಲ ಎಂದ. ಅಜ್ಜಿ ಅವನನ್ನು ದಾಟಿ, ಕಾಫಿ ಕುಡಿಯುತ್ತಿದ್ದವರ ಮಧ್ಯೆ ನುಗ್ಗಿ, ನೇರವಾಗಿ ಹಿಂದಿನ ಕೋಣೆಗೆ ಹೋದಳು. ನಾನು ಅವಳ ಸೆರಗು ಹಿಡಿದುಕೊಂಡೇ ಹೋದೆ.

ಹೊಗೆ ಕವಿದ ಕೋಣೆ. ಪದ್ಮತ್ತೆ ಕಾವಲಿಯ ಮುಂದೆ ನಿಂತಿದ್ದಳು. ಕಾವಲಿ ಅವಳು ಹೇಳಿದಷ್ಟೇ ದೊಡ್ಡದಿತ್ತು. ನಮ್ಮನ್ನು ನೋಡಿಯೂ ಅವಳು ಕೈಯಲ್ಲಿದ್ದ ದೋಸೆಯನ್ನು ಮಗುಚಿ, ತೆಗೆದು ತಟ್ಟೆಗೆ ಹಾಕಿದಳು. ಅಜ್ಜಿ ಹತ್ತಿರ ಹೋಗಿ ಅವಳ ಎಡಗೈ ಹಿಡಿದು ರವಿಕೆಯ ತೋಳನ್ನು ಮೇಲೆ ಸರಿಸಿದಳು. ನಾನೂ ನೋಡಿದೆ. ಅದನ್ನು ಬರೆಯುವುದಿಲ್ಲ. ಹಳೆಯದರ ಪಕ್ಕದಲ್ಲಿ ಹೊಸದೂ ಇತ್ತು ಎಂದಷ್ಟೇ ಹೇಳುತ್ತೇನೆ. ಅಜ್ಜಿ ಅಳಲಿಲ್ಲ. ಹಿಡಿದ ಕೈ ಬಿಡದೆ ಕೇಳಿದಳು.

"ನಂಗ್ ಯಾಕ್ ತೋರುಸ್ನಿಲ್ಲವ್ವ?"

"ಬಂದ್ ದಿನ ಯೋಳುಕ್ ಬಂದ್ನಲ್ಲ, ನೀನ್ ಕೇಳುಸ್ಕಂಡ್ಯಾ?"

ಅಜ್ಜಿ ಒಲೆಯಿಂದ ಕೊಳ್ಳಿಗಳನ್ನು ಹೊರಗೆಳೆದು, ನೀರು ಚೆಲ್ಲಿದಳು. ಬುಸ್ಸೆಂದು ಹೊಗೆ ಎದ್ದಿತು. ನಡಿ ಎಂದಳು. ಹೊರಗೆ ಬರುವಾಗ ಗಂಡ ಅಡ್ಡ ನಿಂತ. ಗಿರಾಕಿಗಳು ನೋಡುತ್ತಿದ್ದರು, ಹಾಗಾಗಿ ಅವನ ಮಾತು ಇನ್ನೂ ಮೆತ್ತಗಾಗಿತ್ತು.

"ಅತ್ತೆಮ್ಮ, ಬಿಸ್ಲಲ್ ಬಂದಿದ್ದೀರಿ. ಒಂದ್ ಲೋಟ ಕಾಫಿ ಕುಡ್ಕಂಡ್ ಓಗಿ."

ಅಜ್ಜಿ ನಿಂತಳು. ಅವನನ್ನು ಕೆಳಗಿನಿಂದ ಮೇಲೆ ನೋಡಿದಳು. ನಮ್ಮಜ್ಜಿಯ ಬೈಗುಳಕ್ಕೆ ಹೆದರದವರು ನಮ್ಮೂರಲ್ಲಿ ಇರಲಿಲ್ಲ. ಆ ದಿನ ಅವಳು ಅವನನ್ನು ಬೈಯಲೇ ಇಲ್ಲ. ಕಾಫಿ ಕುಡಿಯುತ್ತಿದ್ದವರ ಕಡೆ ತಿರುಗಿ, ನಿಮ್ಮ ದೋಸೆಯನ್ನು ಯಾರು ಹುಯ್ಯುತ್ತಿದ್ದರು ನೋಡಿಕೊಳ್ಳಿ ಎಂದು ಮಗಳ ತೋಳನ್ನು ಮೇಲೆತ್ತಿ ತೋರಿಸಿದಳು. ಬಸ್ಸಿನ ಡ್ರೈವರೊಬ್ಬ ಲೋಟ ಕೆಳಗಿಟ್ಟು ಎದ್ದ. ಅವನ ಹಿಂದೆ ಇನ್ನೊಬ್ಬ. ನಾವು ಟ್ರಂಕನ್ನು ಅಲ್ಲೇ ಬಿಟ್ಟು ರಸ್ತೆ ದಾಟಿದೆವು.

ಮನೆಗೆ ಬಂದಾಗ ಹೊತ್ತು ಇಳಿದಿತ್ತು. ತಾತ ಜಗಲಿಯಿಂದ ಎದ್ದು ನಿಂತ. ಅವ್ವ ಬೆಣ್ಣೆ ತಂದು ಪದ್ಮತ್ತೆಯ ತೋಳಿಗೆ ಹಚ್ಚಿದಳು, ಹಚ್ಚುವಾಗ ಬಿಕ್ಕಿ ಬಿಕ್ಕಿ ಅತ್ತಳು. ಪದ್ಮತ್ತೆಯೇ ಅವಳನ್ನು ಸಮಾಧಾನ ಮಾಡಬೇಕಾಯಿತು. ಆಮೇಲಿನ ದಿನಗಳು ಹಗುರವಾಗಿದ್ದವು ಎಂದರೆ ಸುಳ್ಳಾಗುತ್ತದೆ. ಊರವರು ಮಾತಾಡಿದರು. ಗಂಡನ ಕಡೆಯವರು ಜನ ಕಟ್ಟಿಕೊಂಡು ಬಂದು ಕೂಗಾಡಿ ಹೋದರು. ತಾತನ ಹತ್ತಿರ ನ್ಯಾಯಕ್ಕೆ ಬರುವವರು ಕಡಿಮೆಯಾದರು, ಸ್ವಂತ ಮಗಳನ್ನು ಮನೆಯಲ್ಲಿಟ್ಟುಕೊಂಡವನು ನಮಗೇನು ಹೇಳುತ್ತಾನೆ ಎಂದರು. ಅವನು ಮಗಳ ಮೇಲೆ ಅದಕ್ಕೂ ಒಂದಿಷ್ಟು ಮುನಿಸಿಕೊಂಡಿದ್ದ ಎಂದೇ ನನ್ನ ಅನುಮಾನ. ತಪ್ಪಾಯಿತು ಎಂಬ ಮಾತು ಅವನ ಬಾಯಿಂದ ಬರಲೇ ಇಲ್ಲ.

ಅವರೆಯ ಕಾಲ ಮುಗಿದು ಹುಣಸೆಹ‌ಣ್ಣು ಬಂದಿತ್ತು. ಒಂದು ಗುರುವಾರ ನಡುಮನೆಯಲ್ಲಿ ಎಲ್ಲರೂ ಹುಣಸೆಯ ಬೀಜ ಬಿಡಿಸುತ್ತ ಕೂತಿದ್ದೆವು. ಕಬ್ಬು ಮುಗಿದಿದ್ದರಿಂದ ಅಪ್ಪನೂ ಇದ್ದ, ತಾತ ಬಾಗಿಲ ಬಳಿ ಕೂತಿದ್ದ. ಅವ್ವ ಪತ್ರಿಕೆಯನ್ನು ಪದ್ಮತ್ತೆಗೆ ಚಾಚಿದಳು. ಮನೆಯ ಮಾಮೂಲು ಮತ್ತೆ ಶುರುವಾದರೆ ಎಲ್ಲ ಸರಿಹೋದೀತು ಎಂದು ತಾತನಿಗೂ ಅನ್ನಿಸಿರಬೇಕು.

"ಓದವ್ವ ಪದ್ಮ. ಗಿರಿಜ ಏನಾದ್ಲು ನೋಡವ."

ಪದ್ಮತ್ತೆ ಪತ್ರಿಕೆಯನ್ನು ತೆಗೆದುಕೊಳ್ಳಲಿಲ್ಲ.

"ಗಿರಿಜನ್ನ ಅತ್ಲಾಗ್ ಬುಡಿ. ನಂದು ಯೋಳ್ತೀನಿ, ಕೇಳಿ."

ಮದುವೆಯಾಗಿ ಬೆಳ್ಳೂರಿಗೆ ಹೋದ ಮೊದಲ ದಿನದಿಂದ ಅವಳು ಶುರು ಮಾಡಿದಳು. ಪುಸ್ತಕದ ಕನ್ನಡವಿರಲಿಲ್ಲ, ನಾವು ಆಡುವ ಮಾತಿನಲ್ಲೇ ಹೇಳಿದಳು. ಎಲ್ಲೂ ಅವಸರ ಮಾಡಲಿಲ್ಲ. ಅಪ್ಪ ಒಮ್ಮೆ ಎದ್ದು ಹೋಗಲು ನೋಡಿದ, ಅಜ್ಜಿ ಅವನ ಪಂಚೆ ಹಿಡಿದು ಕೂರಿಸಿದಳು. ಮಾತು ಮಗುಚುವ ಕೈಯ ಹತ್ತಿರ ಬಂದಾಗ ತಾತ ಕಣ್ಣು ಮುಚ್ಚಿಕೊಂಡ. ಕಣ್ಣು ಬಿಡಪ್ಪ ಎಂದು ಅವಳು ಕಾದಳು, ಅವನು ಬಿಟ್ಟ ಮೇಲೇ ಮುಂದುವರಿದಳು. ಜಗಲಿಯಲ್ಲಿ ಬಾಳೆಹಣ್ಣು ಹಂಚಿದ್ದು, ಎಲ್ಲರೂ ನಕ್ಕದ್ದು, ಟ್ರಂಕು ಹೊತ್ತದ್ದು ಯಾರು ಎನ್ನುವುದನ್ನೂ ಬಿಡಲಿಲ್ಲ. ಕೊಟ್ಟಿಗೆಯಲ್ಲಿ ಕರು ಹಸಿದು ಕೂಗುತ್ತಿತ್ತು, ಯಾರೂ ಏಳಲಿಲ್ಲ. ಹೇಳಿ ಮುಗಿದ ಮೇಲೆ ಅವಳು ಕೈಗಂಟಿದ ಹುಣಸೆಯನ್ನು ನೀರಿನಲ್ಲಿ ತೊಳೆದುಕೊಂಡಳು. ತಾತ ಗಂಟಲು ಸರಿಮಾಡಿಕೊಂಡು, ಟವೆಲ್ಲನ್ನು ಹೆಗಲ ಮೇಲೆ ನೆಟ್ಟಗೆ ಹಾಕಿಕೊಂಡು ಬಾಯಿ ತೆರೆದ. ಪದ್ಮತ್ತೆ ತಡೆದಳು.

"ನೀನ್ ಏನೂ ಯೋಳ್ಬ್ಯಾಡ ಕಣಪ್ಪ. ಕೇಳುಸ್ಕಂಡ್ಯಲ್ಲ, ಅಷ್ಟ್ ಸಾಕು."